ಮಲ್ಲಯ್ಯನ ಹಾದಿಗೆ ಕಟ್ಟಿಕೊಂಡ ಬುತ್ತಿ

ಹೋಳಿ ಹುಣ್ಣಿಮೆ ಕಳೆದು ಕೃಷ್ಣಪಕ್ಷ ಕಾಲಿಟ್ಟಿತೆಂದರೆ ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ, ರಾಯಚೂರು ಸೀಮೆಯ ಹಳ್ಳಿಗಳಲ್ಲಿ ಶ್ರೀಶೈಲಕ್ಕೆ ಕಂಬಿ ಹೊರಡುವ ಗಡಿಬಿಡಿ ಆರಂಭವಾಗುತ್ತದೆ. ಭ್ರಮರಾಂಬೆಯನ್ನು ಮನೆಮಗಳೆಂದೇ ಭಾವಿಸಿದ ಜನ ನಾವು. ಯುಗಾದಿಗೆ ಮಗಳ ಮನೆಗೆ ಹೋಗದಿದ್ದರೆ ಹೇಗೆ? ಈ ದಿನಗಳಲ್ಲಿ ನಮ್ಮನ್ನು ಕಾಣಬರುವ ತಾಯಂದಿರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಹುಡುಗನ ಚೀಲದಾಗ ಏನೇನು ಹಾಕಿ ಕಳಸೂಣ್ರಿ, ಶಾಸ್ತ್ರಿಗಳ?” ಹಿಂದೆ ನಾವು ನಗುತ್ತ ಕೊಡುತ್ತಿದ್ದ ಉತ್ತರ, “ಭಕ್ತಿ ಹಾಕಿರಿ ತಾಯಿ, ಉಳಿದದ್ದನ್ನು ಮಲ್ಲಯ್ಯ ನೋಡಿಕೊಳ್ಳುತ್ತಾನೆ” ಎಂಬುದಾಗಿತ್ತು. ಕೇಳಿದವರಿಗೂ ಅದು ಹಿತವೆನಿಸುತ್ತಿತ್ತು, ಹೇಳಿದ ನಮಗೂ ಹಿತವೆನಿಸುತ್ತಿತ್ತು. 2016ರ ಯುಗಾದಿಯ ತರುವಾಯ ನಾವು ಆ ಉತ್ತರವನ್ನು ಕೊಟ್ಟಿಲ್ಲ.

ಮೊದಲು ಹಾದಿಯ ಸ್ವರೂಪವನ್ನು ತಿಳಿಸುವುದು ಒಳ್ಳೆಯದು. ಊರು ಬಿಟ್ಟ ಮೇಲೆ ಬಹುಪಾಲು ನಡಿಗೆ ಡಾಂಬರು ರಸ್ತೆಯದು. ಆತ್ಮಕೂರನ್ನು ದಾಟಿ ವೆಂಕಟಾಪುರವನ್ನು ಮುಟ್ಟಿದಾಗ ನಲ್ಲಮಲದ ಅರಣ್ಯ ಎದುರಾಗುತ್ತದೆ. ಅಲ್ಲಿಂದ ನಾಗಲೂಟಿಯ ವೀರಭದ್ರನ ಸನ್ನಿಧಿ, ಪೆದ್ದಚೆರುವು, ಭೀಮುನಿಕೊಲನು ಎಂಬ ಕಣಿವೆ, ಕಣಿವೆಯಿಂದ ಎದೆಯೆತ್ತರದ ಏರು, ಆ ಏರಿನ ತುದಿಗೆ ಕೈಲಾಸದ್ವಾರ. ರೆಡ್ಡಿ ರಾಜ್ಯವನ್ನು ಸ್ಥಾಪಿಸಿದ ಪ್ರೋಲಯ ವೇಮಾರೆಡ್ಡಿಯು 14ನೆಯ ಶತಮಾನದಲ್ಲಿ ಶ್ರೀಶೈಲಕ್ಕೆ ಮೆಟ್ಟಿಲುಗಳನ್ನು ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಆರುನೂರು ವರ್ಷಗಳ ಹಿಂದಿನ ಅರಸನಿಗೆ ಯಾತ್ರಿಕರ ಮೊಣಕಾಲಿನ ಚಿಂತೆಯಿತ್ತು. ನಮ್ಮಂತಹ ಪ್ರವಚನಕಾರರಿಗೆ ಅದು ಬಹುಕಾಲ ಇರಲಿಲ್ಲ! ಈ ಅರಣ್ಯವು ವಿಸ್ತಾರದಲ್ಲಿ ದೇಶದಲ್ಲಿಯೇ ಅತಿ ದೊಡ್ಡದೆನಿಸಿದ ನಾಗಾರ್ಜುನಸಾಗರ–ಶ್ರೀಶೈಲಂ ಹುಲಿ ಮೀಸಲು ಪ್ರದೇಶಕ್ಕೆ ಸೇರಿದುದು. ಹುಲಿ, ಚಿರತೆ, ಕರಡಿಗಳ ಮನೆಯಂಗಳವದು. ಉತ್ಸವದ ದಿನಗಳಲ್ಲಿ ಅರಣ್ಯ ಇಲಾಖೆಯು ನಮಗೆ ಆ ಅಂಗಳದಲ್ಲಿ ಹಾಯ್ದುಹೋಗಲು ಅನುಮತಿ ಕೊಡುತ್ತದೆ ಅಷ್ಟೆ.

ಇನ್ನೊಂದು ಸಂಗತಿಯನ್ನು ಪಂಚಾಂಗ ನೋಡುವವರೂ ಗಮನಿಸುವುದಿಲ್ಲ. ಯುಗಾದಿ ಅಮಾವಾಸ್ಯೆಯ ಮರುದಿನ. ಶಿವರಾತ್ರಿಯೂ ಕೃಷ್ಣಪಕ್ಷದ ಚತುರ್ದಶಿ. ಎರಡೂ ಯಾತ್ರೆಗಳಲ್ಲಿ ಕಾಡು ಮುಟ್ಟುವ ಹೊತ್ತಿಗೆ ರಾತ್ರಿಯ ಬಹುಭಾಗ ಚಂದ್ರನೇ ಇರುವುದಿಲ್ಲ. ಆದುದರಿಂದ ಗುಂಪಿಗೊಂದು ಟಾರ್ಚ್ ಸಾಲದು, ಆಳಿಗೊಂದು ಬೇಕು. ಹಣೆಗೆ ಕಟ್ಟಿಕೊಳ್ಳುವ ದೀಪಗಳು ಈಗ ಸುಲಭ ಬೆಲೆಗೆ ದೊರೆಯುತ್ತವೆ. ಎರಡೂ ಕೈ ಬಿಡುವಾಗಿರುತ್ತವೆ. ಮೊಬೈಲಿನ ಬೆಳಕನ್ನು ನಂಬಿದವನಿಗೆ ಮಧ್ಯರಾತ್ರಿಯ ಹೊತ್ತಿಗೆ ಬೆಳಕೂ ಇಲ್ಲ, ಮೊಬೈಲೂ ಇಲ್ಲ.

ಆದರೆ ಕತ್ತಲೆಯಲ್ಲಿ ನಾವು ಹೆಚ್ಚು ಹೆದರಬೇಕಾದುದು ಹುಲಿಗಲ್ಲ, ಲಾರಿಗೆ. ಬೇಸಗೆಯ ಬಿಸಿಲಿಗೆ ಅಂಜಿ ರಸ್ತೆಯ ನಡಿಗೆಯನ್ನು ರಾತ್ರಿ ಇಟ್ಟುಕೊಳ್ಳುತ್ತೇವೆ. ಬಿಳಿ ಧೋತರ ಉಟ್ಟಿದ್ದೇವೆ, ಚಾಲಕನಿಗೆ ಕಾಣುತ್ತೇವೆಂದು ತಿಳಿಯುತ್ತೇವೆ. ದೂಳು ಹಿಡಿದ ಧೋತರ ಎಷ್ಟು ಕಂಡೀತು? ಬೆನ್ನಿಗೂ ಚೀಲಕ್ಕೂ ರೇಡಿಯಂ ಪಟ್ಟಿ ಅಂಟಿಸಿಕೊಂಡು, ಎದುರಿಗೆ ಬರುವ ವಾಹನಗಳು ಕಣ್ಣಿಗೆ ಬೀಳುವಂತೆ ರಸ್ತೆಯ ಬಲಬದಿಯಲ್ಲಿ ಒಬ್ಬರ ಹಿಂದೊಬ್ಬರು ನಡೆಯಬೇಕು. ಇಬ್ಬರು ಗೆಳೆಯರು ಮಾತನಾಡುತ್ತ ಜೊತೆಜೊತೆಯಾಗಿ ಹೋಗುವುದೇ ಅಪಾಯದ ಮೂಲ. ಸಾಲಿನ ಕೊನೆಯಲ್ಲಿ ಕೆಂಪು ದೀಪ ಹಿಡಿದ ಅನುಭವಿಯೊಬ್ಬರು ಇರತಕ್ಕದ್ದು.

ಈಗ ನಮ್ಮ ತಪ್ಪಿನ ವಿಷಯಕ್ಕೆ ಬರುತ್ತೇವೆ. 2016ನೆಯ ಇಸವಿ. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು; ಯುಗಾದಿ ಏಪ್ರಿಲ್ 8ರಷ್ಟು ತಡವಾಗಿ ಬಂದಿತ್ತು. ಹೊರಡುವ ಮುನ್ನ ಊರ ಗುಡಿಯಲ್ಲಿ ನಡೆದ ಪ್ರವಚನದಲ್ಲಿ ನಾವು, ಹಿಂದಿನ ಕಾಲದ ಯಾತ್ರಿಕರೊಬ್ಬರು ಕಾಡುಹಾದಿಯನ್ನು ನೀರು ಮುಟ್ಟದೆ ಬರಿಗಾಲಲ್ಲಿ ದಾಟುತ್ತಿದ್ದರೆಂದು ಬಾಯ್ತುಂಬ ಬಣ್ಣಿಸಿದೆವು. ಅದನ್ನು ನಮ್ಮ ಹಿರಿಯರಿಂದ ಕೇಳಿದ್ದೆವೇ ಹೊರತು ಕಂಡದ್ದಿಲ್ಲ. ಶ್ರೋತೃಗಳಲ್ಲಿ ಹತ್ತೊಂಬತ್ತು ವರ್ಷದ ಹುಡುಗನೊಬ್ಬನಿದ್ದ. ಅವನ ಅಕ್ಕನ ಮದುವೆಗಾಗಿ ಹರಕೆ ಹೊತ್ತಿದ್ದನಂತೆ. ಪೆದ್ದಚೆರುವಿನಿಂದ ಕೈಲಾಸದ್ವಾರದವರೆಗೆ ನೀರು ಕುಡಿಯುವುದಿಲ್ಲವೆಂದು ಯಾರಿಗೂ ಹೇಳದೆ ಸಂಕಲ್ಪ ಮಾಡಿಕೊಂಡ.

ನಾವು ನಸುಕಿನಲ್ಲಿ ಹೊರಡಬೇಕಾದವರು, ಪೂಜೆ ಪ್ರಸಾದಗಳಲ್ಲಿ ಹೊತ್ತುಮಾಡಿ ಬಿಸಿಲೇರಿದ ಮೇಲೆ ಹೊರಟೆವು. ಅದು ಎರಡನೆಯ ತಪ್ಪು. ಎಲೆಯುದುರಿದ ಮರಗಳ ಕಾಡದು. ಹೆಸರಿಗೆ ಕಾಡು, ನೆರಳು ಕಡಿಮೆ. ಹನ್ನೊಂದೂವರೆಯ ಸುಮಾರಿಗೆ ಆ ಹುಡುಗ “ಮಲ್ಲಯ್ಯಾ, ಮಲ್ಲಯ್ಯಾ” ಎಂದು ತೊದಲುತ್ತ ಅಡ್ಡಾದಿಡ್ಡಿ ಹೆಜ್ಜೆ ಹಾಕತೊಡಗಿದ. ಹೆಸರು ಹಿಡಿದು ಕರೆದರೆ ತಿರುಗಿ ನೋಡಲಿಲ್ಲ. ಜೊತೆಯವರು ಭಾವಾವೇಶವೆಂದು ಕೈಮುಗಿದರು. ವಾಚಕರಲ್ಲಿ ಮುಚ್ಚುಮರೆ ಏಕೆ? ನಾವೂ ಕೈಮುಗಿದೆವು. ಸಾಲಿನ ಹಿಂದಿನಿಂದ ಓಡಿಬಂದವರು ನಮ್ಮ ಗುಂಪಿನಲ್ಲಿದ್ದ, ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸಮ್ಮನವರು. ಅವನ ಕೊರಳು ಮುಟ್ಟಿ ನೋಡಿ, “ಇದು ಆವೇಶ ಅಲ್ರಿ, ಬಿಸಿಲು ಬಡದೈತಿ, ಮೈ ಕೆಂಡ ಆಗೇತಿ” ಎಂದರು. ಅಷ್ಟರಲ್ಲಿ ಅವನು ಕುಸಿದು ಬಿದ್ದ.

ಎಲ್ಲರ ಬಾಟಲಿಗಳಲ್ಲಿದ್ದ ತಳದ ನೀರು ಒಂದು ಚೊಂಬಿನಷ್ಟೂ ಆಗಲಿಲ್ಲ. ಹಾದಿಯಲ್ಲಿ ಸಿಕ್ಕೀತೆಂದು ನಂಬಿದ ಗುಂಡಿ ಒಣಗಿತ್ತು. ಉಳಿದದ್ದು ಕಂಬಿಯ ಎರಡು ಬದಿಗೆ ತೂಗುತ್ತಿದ್ದ ಗಿಂಡಿಗಳ ನೀರು. ಮಲ್ಲಯ್ಯನ ಅಭಿಷೇಕಕ್ಕೆಂದು ಕೂಡಲಸಂಗಮದಲ್ಲಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಹನ್ನೊಂದು ದಿನ ನೆಲಕ್ಕಿಳಿಸದೆ ತಂದ ಕೃಷ್ಣೆಯ ನೀರು. ನರ್ಸಮ್ಮನವರು ಒಮ್ಮೆ ಗಿಂಡಿಯ ಕಡೆಗೆ ನೋಡಿ, ಆಮೇಲೆ ನಮ್ಮ ಮುಖ ನೋಡಿದರು. ಗುಂಪಿನಲ್ಲಿ ಶಾಸ್ತ್ರ ಓದಿದವರು ನಾವೊಬ್ಬರೇ. ಮಾತು ನಮ್ಮಿಂದ ಬರಬೇಕಿತ್ತು. ಕಾಶಿಯಿಂದ ಹೊತ್ತು ತಂದ ಗಂಗೆಯನ್ನು ಸಂತ ಏಕನಾಥರು ಬಾಯಾರಿದ ಕತ್ತೆಗೆ ಕುಡಿಸಿದ ಕಥೆಯನ್ನು ನಾವು ಎಷ್ಟು ಪ್ರವಚನಗಳಲ್ಲಿ ಹೇಳಿದ್ದೇವೆಯೋ ಲೆಕ್ಕವಿಲ್ಲ. ಆದರೂ ಆ ಕ್ಷಣದಲ್ಲಿ ನಮ್ಮ ನಾಲಗೆ ಏಳಲಿಲ್ಲ. ಎಷ್ಟು ಹೊತ್ತು ಹಾಗೆ ನಿಂತಿದ್ದೆವೋ ತಿಳಿಯದು, ಬಹುಶಃ ನಾಲ್ಕೆಂಟು ಉಸಿರಿನಷ್ಟು.

ಕಂಬಿ ಹೊತ್ತ ಹಿರಿಯರು ಎಪ್ಪತ್ತು ಸಮೀಪಿಸಿದವರು, ಅಕ್ಷರ ಬಾರದವರು. ಅವರು ಯಾರನ್ನೂ ಕೇಳದೆ ಮಂಡಿಯೂರಿ, ಗಿಂಡಿಯ ಬಟ್ಟೆ ಬಿಚ್ಚಿ, ಹುಡುಗನ ಎದೆಯ ಮೇಲೆ ಸುರಿದರು. ನಮ್ಮ ಮುಖದಲ್ಲಿ ಏನನ್ನು ಕಂಡರೋ, “ಯಾಕ್ರಿ ಶಾಸ್ತ್ರಿಗಳ, ಮುಂದ ಪಾತಾಳಗಂಗಿಯೊಳಗ ಹರಿಯೂದೂ ಇದ ಕೃಷ್ಣಿನ ಅಲ್ಲೇನ್ರಿ?” ಎಂದರು. ಭೂಗೋಳವೂ ಅದನ್ನೇ ಹೇಳುತ್ತದೆ. ನಮಗೆ ಅದು ತಿಳಿದಿರಲಿಲ್ಲವೆಂದಲ್ಲ.

ನರ್ಸಮ್ಮನವರು ಬಾಯಿಗೆ ಒಂದು ಹನಿ ಹಾಕಗೊಡಲಿಲ್ಲ. ಎಚ್ಚರ ತಪ್ಪಿದವನಿಗೆ ಕುಡಿಸಹೋದರೆ ನೀರು ಶ್ವಾಸಕೋಶಕ್ಕೆ ಇಳಿಯುತ್ತದೆಂದು ಗದರಿಸಿದರು. ಅಂಗಿ ಬಿಚ್ಚಿ, ಇದ್ದ ಒಂದು ಮರದ ನೆರಳಿಗೆಳೆದು, ಕೊರಳು, ಕಂಕುಳು, ತೊಡೆಸಂದುಗಳಿಗೆ ಒದ್ದೆ ವಸ್ತ್ರವಿಟ್ಟು, ನಾಲ್ವರಿಂದ ಟವೆಲಿನಲ್ಲಿ ಗಾಳಿ ಬೀಸಿಸಿದರು. ಮೈ ತಣ್ಣಗಾಗುವ ಮೊದಲು ಹೊತ್ತೊಯ್ಯುವ ಅವಸರ ಬೇಡವೆಂದರು. ಸ್ವಲ್ಪ ಹೊತ್ತಿನ ಮೇಲೆ ಅವನು ಕಣ್ಣು ತೆರೆದ. ಆಮೇಲೆ ಕಂಬಳಿಗೆ ಎರಡು ಕೋಲು ಕಟ್ಟಿ ಡೋಲಿ ಮಾಡಿ, ಹಿಂದಿನ ತಂಗುದಾಣಕ್ಕೆ ಹೊತ್ತು, ಅಲ್ಲಿಂದ ವಾಹನದಲ್ಲಿ ಆಸ್ಪತ್ರೆಗೆ ಸಾಗಿಸಿದೆವು. ಮೂತ್ರಪಿಂಡಗಳಿಗೆ ಪೆಟ್ಟಾಗಿತ್ತು; ಆರು ದಿನ ಇಟ್ಟುಕೊಂಡು ಕಳುಹಿಸಿದರು. ಬದುಕಿದ.

ಬಿಸಿಲು ಬಡಿತದ ಬಗೆಗೆ ನಮ್ಮ ಜನರಲ್ಲಿ ಒಂದು ತಪ್ಪು ತಿಳಿವಳಿಕೆಯುಂಟು. ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಅಪಾಯವೆನ್ನುತ್ತಾರೆ. ಭಾರ ಹೊತ್ತು ನಡೆಯುತ್ತಲೇ ಬಿದ್ದವನ ಮೈ ಬೆವರಿನಿಂದ ತೊಯ್ದೇ ಇರಬಹುದು. ನೋಡಬೇಕಾದುದು ಬುದ್ಧಿಯನ್ನು: ಮಾತು ತೊದಲುವುದು, ಹೆಜ್ಜೆ ತಪ್ಪುವುದು, ಕಾರಣವಿಲ್ಲದ ಸಿಟ್ಟು, ಕೇಳಿದ್ದಕ್ಕೆ ಸಲ್ಲದ ಉತ್ತರ. ಮೈಯ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಮಿದುಳು ಹೀಗೆ ಸೋಲುತ್ತದೆ. ಆಗ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಅಂದಿನಿಂದ ನಮ್ಮ ಗುಂಪಿನ ಕ್ರಮ ಬದಲಾಯಿತು. ಕಾಡುಹಾದಿಯಲ್ಲಿ ದಿನಕ್ಕೆ ಆಳಿಗೆ ನಾಲ್ಕು ಲೀಟರಿಗೆ ಕಡಿಮೆಯಿಲ್ಲದಂತೆ ನೀರಿನ ಲೆಕ್ಕ. ನೀರು ತುಂಬಬಲ್ಲ ತಾಣಗಳನ್ನು ಹೊರಡುವ ಮೊದಲೇ ಅರಣ್ಯದ ಸಿಬ್ಬಂದಿಯಲ್ಲಿ ವಿಚಾರಿಸುತ್ತೇವೆ. ಹೊಂಡದ ನೀರು ಸಿಕ್ಕರೆ ಬಟ್ಟೆಯಲ್ಲಿ ಸೋಸಿ ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾಯುತ್ತೇವೆ. ಕಾಯದೆ ಕುಡಿದವರು ಮುಂದಿನ ಎರಡು ದಿನ ಪೊದೆ ಹುಡುಕಿದ್ದನ್ನು ಕಂಡಿದ್ದೇವೆ. ಬರಿಯ ನೀರನ್ನೇ ಹೊಟ್ಟೆ ತುಂಬ ಕುಡಿಯುವುದೂ ತರವಲ್ಲ, ಬೆವರಿನೊಡನೆ ಹೋದ ಉಪ್ಪು ಮರಳಿ ಬರಬೇಕು. ಓಆರ್‌ಎಸ್ ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಹತ್ತು ಗಂಟೆಯಿಂದ ನಾಲ್ಕರವರೆಗೆ ನಡಿಗೆ ಇಲ್ಲ. ನಿರ್ಜಲ ಸಂಕಲ್ಪ ಮಾಡಿದವರು ನಮ್ಮ ಗುಂಪಿನೊಡನೆ ಬರುವಂತಿಲ್ಲ; ಈ ವಿಷಯದಲ್ಲಿ ನಾವು ಕಠಿಣರೆಂಬ ಹೆಸರು ಪಡೆದಿದ್ದೇವೆ.

ಇಷ್ಟು ನೀರು ಹೊರಬೇಕಾದರೆ ಉಳಿದ ಹೊರೆ ಕಡಿಮೆಯಾಗಬೇಕಷ್ಟೆ. ಒಂದು ಲೀಟರೆಂದರೆ ಒಂದು ಕಿಲೋ. ಬೆಟ್ಟ ಹತ್ತುವವರು ಚೀಲದ ಭಾರ ದೇಹತೂಕದ ಐದರಲ್ಲೊಂದು ಪಾಲನ್ನು ಮೀರಬಾರದೆನ್ನುತ್ತಾರೆ. ನಮ್ಮಂತಹ ಅರವತ್ತು ದಾಟಿದವರಿಗೆ ಹತ್ತರಲ್ಲೊಂದು ಪಾಲು ಸಾಕು. ಹೆಗಲ ಮೇಲಿನ ಜೋಳಿಗೆಯನ್ನು ನಾವು ಅಭಿಮಾನದಿಂದ ಬಹಳ ವರ್ಷ ಹೊತ್ತೆವು. ಒಂದೇ ಬದಿಗೆ ಜೋತುಬಿದ್ದು ಬೆನ್ನು ನೋಯಿಸುವುದು ಅದರ ಸ್ವಭಾವ. ಕಂಬಿಯನ್ನೇ ನೋಡಿರಿ: ಎರಡೂ ಬದಿಗೆ ಸಮಭಾರವಿಲ್ಲದೆ ಅದು ಹೆಗಲ ಮೇಲೆ ನಿಲ್ಲುವುದೇ ಇಲ್ಲ. ಸೊಂಟಪಟ್ಟಿಯುಳ್ಳ ಬೆನ್ನುಚೀಲ ಭಾರವನ್ನು ಹೆಗಲಿನಿಂದ ಸೊಂಟಕ್ಕೆ ಇಳಿಸುತ್ತದೆ. ಭಾರದ ವಸ್ತುಗಳು ಬೆನ್ನಿಗೆ ಹತ್ತಿಕೊಂಡು ನಡುವಿನಲ್ಲಿರಲಿ, ಬಟ್ಟೆ ತಳಕ್ಕೆ, ಟಾರ್ಚು, ಸೀಟಿ, ಔಷಧ ಮೇಲಕ್ಕೆ. ಹಾದಿ ತಪ್ಪಿದವನು ಕೂಗಿ ಕೂಗಿ ಗಂಟಲು ಒಣಗಿಸಿಕೊಳ್ಳುವ ಬದಲು ಇದ್ದಲ್ಲೇ ಕುಳಿತು ಸೀಟಿ ಊದಿದರೆ ದೂರ ಕೇಳಿಸುತ್ತದೆ. ಬುತ್ತಿಗೆ ನಮ್ಮ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಬೆಲ್ಲಕ್ಕಿಂತ ಒಳ್ಳೆಯದು ಪೇಟೆಯಲ್ಲಿ ಸಿಗದು. ಹಗುರ, ಕೆಡದು, ಉಪ್ಪೂ ಉಂಟು.

ಪಾದರಕ್ಷೆಯ ವಿಷಯವಾಗಿ ಮನೆಗಳಲ್ಲಿ ವಾದವೇ ಆಗುತ್ತದೆ. ಕಂಬಿ ಹೊರುವವರು ಬರಿಗಾಲಲ್ಲಿ ನಡೆಯುತ್ತಾರೆ. ಮರಗಾಲು ಕಟ್ಟಿಕೊಂಡು ಶ್ರೀಶೈಲ ಮುಟ್ಟುವವರೂ ಇದ್ದಾರೆ. ಅದು ಬಾಲ್ಯದಿಂದ ಬಂದ ಅಭ್ಯಾಸ. ವರ್ಷವಿಡೀ ಕಚೇರಿಯಲ್ಲಿ ಕುಳಿತವನು ಒಂದು ದಿನ ಅವರನ್ನು ಅನುಕರಿಸಿದರೆ ಕಾದ ಡಾಂಬರು ಅವನ ಅಂಗಾಲನ್ನು ಸುಲಿಯುತ್ತದೆ. ಹೊಸ ಬೂಟನ್ನು ಹೊರಡುವ ಹಿಂದಿನ ದಿನ ಕೊಳ್ಳುವುದು ಅದಕ್ಕಿಂತ ದೊಡ್ಡ ಅವಿವೇಕ. ತಿಂಗಳ ಮೊದಲೇ ಕೊಂಡು ಹೊಲಕ್ಕೆ, ಸಂತೆಗೆ ಹಾಕಿಕೊಂಡು ತಿರುಗಬೇಕು. ಒದ್ದೆಯಾದ ಕಾಲ್ಚೀಲವನ್ನು ಬದಲಿಸಬೇಕು. ಕಾಲು ಉರಿಯತೊಡಗಿದ ಕೂಡಲೇ ನಿಂತು ಆ ಜಾಗಕ್ಕೆ ಅಂಟುಪಟ್ಟಿ ಹಚ್ಚಿದರೆ ಗುಳ್ಳೆ ಏಳುವುದಿಲ್ಲ. ಎದ್ದ ಗುಳ್ಳೆಯನ್ನು ಸೂಜಿಯಿಂದ ಚುಚ್ಚುವ ಚಪಲ ಬೇಡ. ಭೀಮುನಿಕೊಲನಿನ ಇಳಿತದಲ್ಲಿ ಕೈಯಲ್ಲೊಂದು ಕೋಲಿದ್ದರೆ ಮೊಣಕಾಲು ನಿಮ್ಮನ್ನು ಹರಸುತ್ತದೆ.

ಹಾವಿನ ಬಗೆಗೂ ಎರಡು ಮಾತು. ಕಡಿದ ಜಾಗವನ್ನು ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು ಯಾವುದೂ ಸಲ್ಲದು. ಆ ಅಂಗವನ್ನು ಅಲುಗದಂತೆ ಕಟ್ಟಿ, ನಡೆಸದೆ ಹೊತ್ತು, ವಿಷನಿರೋಧಕ ಚುಚ್ಚುಮದ್ದಿರುವ ಆಸ್ಪತ್ರೆಗೆ ಒಯ್ಯಬೇಕು. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಡಿದರೆ ನೋವೂ ತಿಳಿಯದೆ ಹೋಗಬಹುದು. ಬೆಳಗಿನಲ್ಲಿ ರೆಪ್ಪೆ ಎತ್ತಲಾಗದಿದ್ದರೆ ನಿದ್ದೆಯ ಜಡವೆಂದು ಉಪೇಕ್ಷಿಸಬಾರದು.

ಆ ವರ್ಷ ಊರಿಗೆ ಮರಳಿದೊಡನೆ ನಾವು ಹುಡುಗನ ಮನೆಗೆ ಹೋದೆವು. ಅವನ ತಾಯಿಯ ಮುಂದೆ, ನೀರು ಬಿಡುವ ಮಾತು ಪ್ರವಚನದಲ್ಲಿ ಆಡಿದವರು ನಾವೇ ಎಂದು ಒಪ್ಪಿಕೊಂಡೆವು. ಆಕೆ ಬಹಳ ಹೊತ್ತು ಸೆರಗಿನ ಅಂಚು ತಿರುವುತ್ತ ಕುಳಿತು, “ನೀವು ಹೇಳಿದ್ದನ್ನ ಅಂವ ನಂಬತಾನ್ರಿ, ಶಾಸ್ತ್ರಿಗಳ” ಎಂದಷ್ಟೇ ಹೇಳಿದರು. ಕಂಬಿಯ ಹಿರಿಯರು 2021ರಲ್ಲಿ ಲಿಂಗೈಕ್ಯರಾದರು. ಗಿಂಡಿಗಳು ಈಗ ಅವರ ಮಗನ ಹೆಗಲಿನಲ್ಲಿವೆ. ಹುಡುಗ ಈಗಲೂ ಬರುತ್ತಾನೆ. ಹೊರಡುವ ಮುಂಜಾನೆ ದಲಾಲಿ ಅಂಗಡಿಯ ತಕ್ಕಡಿಯಲ್ಲಿ ಎಲ್ಲರ ಚೀಲ ತೂಗುವವನು ಅವನೇ. ಅವನ ತಾಯಿ ಪ್ರತಿವರ್ಷ ನಮಗೂ ಒಂದು ಬುತ್ತಿಯ ಗಂಟು ಕಳುಹಿಸುತ್ತಾರೆ. ಬಿಚ್ಚಿದರೆ ಕಟಕ ರೊಟ್ಟಿಯ ನಡುವೆ ಎರಡು ಓಆರ್‌ಎಸ್ ಪೊಟ್ಟಣಗಳಿರುತ್ತವೆ. ಆ ಕುರಿತು ಆಕೆಯೂ ಏನನ್ನೂ ಹೇಳಿಲ್ಲ, ನಾವೂ ಕೇಳಿಲ್ಲ.