ಅಮ್ಮನ ಎಂಬತ್ತೆಂಟನೆಯ ಕೀರ್ತನೆ

ಪ್ರತಿ ಆಗಸ್ಟ್ 29ಕ್ಕೆ ಶಿವಾಜಿನಗರದ ಸಂತ ಮರಿಯ ಬಸಿಲಿಕದಲ್ಲಿ ಬಾವುಟ ಏರುತ್ತದೆ. ಆಮೇಲೆ ನವೇನಾ, ಸೆಪ್ಟೆಂಬರ್ 8ರ ಸಂಜೆ ತೇರು. ಕಾವಿ ಸೀರೆಯುಟ್ಟು ಹರಕೆ ಹೊತ್ತವರು, ಕುಂಕುಮ ಇಟ್ಟವರು, ಬುರ್ಖಾ ತೊಟ್ಟವರು, ಎಲ್ಲರೂ ಒಂದೇ ಸಾಲಿನಲ್ಲಿ ನಿಂತು ಸೀರೆಯುಟ್ಟ ಮರಿಯಮ್ಮನಿಗೆ ಮೇಣದ ಬತ್ತಿ ಹಚ್ಚುತ್ತಾರೆ.

ಅಪ್ಪ ಹೋಗಿದ್ದು 2021ರ ಮೇ ತಿಂಗಳಲ್ಲಿ. ಒಂದು ಹಾಸಿಗೆಗಾಗಿ ಕೆ.ಆರ್. ಪುರದಿಂದ ಹೊರಟು ಆಂಬುಲೆನ್ಸಿನಲ್ಲಿ ಊರೆಲ್ಲ ಸುತ್ತಿದ ಆ ರಾತ್ರಿ ಅಮ್ಮ ಕೈಯಲ್ಲಿದ್ದ ಜಪಸರ ಬಿಡಲಿಲ್ಲ. ನಾನು ಬಿಟ್ಟೆ. ಎರಡು ವರ್ಷ ಚರ್ಚಿನ ಮೆಟ್ಟಿಲು ಹತ್ತಲಿಲ್ಲ. 'ದೇವರ ಚಿತ್ತ' ಎಂದು ಸಮಾಧಾನ ಹೇಳಲು ಬಂದವರಿಗೆ ಕಾಫಿ ಕೊಟ್ಟು ಒಳಗೆ ಹೋಗಿಬಿಡುತ್ತಿದ್ದೆ.

ನನ್ನ ಸಂಶೋಧನೆಯ ವಿಷಯವೇ ಬೇರೆ. ಆದರೂ ಆ ದಿನಗಳಲ್ಲಿ ಗ್ರಂಥಾಲಯದಲ್ಲಿ ಕೂತು 1898ರ ಪ್ಲೇಗಿನ ಬಗ್ಗೆ ಓದಿದೆ. ಆ ಆಗಸ್ಟಿನಲ್ಲಿ ರೋಗ ರೈಲು ಹತ್ತಿ ಬೆಂಗಳೂರಿಗೆ ಬಂತು. ಸಾವಿರಾರು ಜನ ಸತ್ತರು, ಅನೇಕರು ಮನೆಗೆ ಬೀಗ ಹಾಕಿ ಊರು ಬಿಟ್ಟರು. ದಂಡಿನ ಇಕ್ಕಟ್ಟಿನ ಕೇರಿಗಳಿಂದ ಜನರನ್ನು ಹೊರಗೆ ಸಾಗಿಸಲು ಆಮೇಲೆ ಫ್ರೇಜರ್ ಟೌನಿನಂಥ ಬಡಾವಣೆಗಳು ಹುಟ್ಟಿದವು. ಆಗ ಕಾಪಾಡಿದ್ದು ಆರೋಗ್ಯ ಮಾತೆ ಎಂದು ಇಲ್ಲಿನ ಭಕ್ತರು ಇಂದಿಗೂ ನಂಬುತ್ತಾರೆ. ಹಾಗಾದರೆ ಸತ್ತವರನ್ನು ಯಾಕೆ ಕೈಬಿಟ್ಟಳು? ನನ್ನ ಜಗಳ ಇದ್ದದ್ದು ಅಲ್ಲಿ.

ಅದೇ ಓದಿನಲ್ಲಿ ಅಬ್ಬೆ ದ್ಯುಬುವಾ ಸಿಕ್ಕರು. ಈ ಚರ್ಚಿನ ಮೂಲ 1818ರಲ್ಲಿ ಅವರು ಕಟ್ಟಿಸಿದ ಪುಟ್ಟ ಪ್ರಾರ್ಥನಾಲಯ ಎನ್ನುತ್ತಾರೆ. ಅದಕ್ಕೂ ಮೊದಲೇ ಆ ಫ್ರೆಂಚ್ ಪಾದ್ರಿ ಮೈಸೂರು ಸೀಮೆಯಲ್ಲಿ ಸಿಡುಬಿನ ಲಸಿಕೆ ಹಾಕಿಸಲು ಓಡಾಡಿದ್ದರು. ದೇವರನ್ನು ನಂಬಿದವರು ಕೈಕಟ್ಟಿ ಕೂರುತ್ತಾರೆ ಎಂಬ ನನ್ನ ವಾದ ಅಲ್ಲಿಗೆ ಸಡಿಲವಾಯಿತು. ಅಪ್ಪನ ಪ್ರಶ್ನೆ ಮಾತ್ರ ಉಳಿಯಿತು.

ಅಮ್ಮ ರಾತ್ರಿ ಮಲಗುವ ಮುಂಚೆ 88ನೆಯ ಕೀರ್ತನೆ ಓದುತ್ತಾಳೆ. ಬೇರೆ ಮೊರೆಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ಹೊರಳುತ್ತವೆ. ಇದು ಕತ್ತಲಲ್ಲೇ ಮುಗಿಯುತ್ತದೆ. "ಅದನ್ನೇ ಯಾಕಮ್ಮ ಓದ್ತೀಯ?" ಎಂದು ಕೇಳಿದೆ.

"ಇದರಲ್ಲಿ ಸಮಾಧಾನ ಹೇಳೋರು ಯಾರೂ ಇಲ್ಲ ಕಣೇ, ಅದಕ್ಕೆ."

ಆಮೇಲೆ ನಾನೂ ಓದಿದೆ. ಎಷ್ಟು ಕತ್ತಲಾದರೂ ಅದು ದೇವರನ್ನೇ ಕರೆದು ದೂರುತ್ತದೆ. ಬೈಯುವವನಿಗೂ ಎದುರಿಗೆ ಕೇಳುವ ಒಬ್ಬರು ಬೇಕಲ್ಲ. ಅಮ್ಮನ ಭರವಸೆ ಅಷ್ಟೇ ಇರಬಹುದು: ಉತ್ತರ ಬರಲಿಲ್ಲವೆಂದು ಅವಳು ಮಾತು ನಿಲ್ಲಿಸಲಿಲ್ಲ.

2023ರ ಸೆಪ್ಟೆಂಬರಿನಲ್ಲಿ ಅವಳ ಜೊತೆ ಶಿವಾಜಿನಗರದ ಬಸ್ ಹತ್ತಿದೆ. ಸಾಲಿನಲ್ಲಿ ಮುಂದಿದ್ದ ಅಜ್ಜಿಯ ಬತ್ತಿ ಗಾಳಿಗೆ ಆರಿತು. ನನ್ನದರಿಂದ ಹಚ್ಚಿಕೊಟ್ಟೆ. ಮರಿಯಮ್ಮನ ಮುಂದೆ ನಿಂತಾಗ ಪ್ರಾರ್ಥನೆ ಬರಲಿಲ್ಲ. ಎರಡು ವರ್ಷದ ಜಗಳವನ್ನು ಅಲ್ಲಿಂದಲೇ ಮುಂದುವರಿಸಿದೆ.

ಅಮ್ಮ ಅವಸರ ಮಾಡಲಿಲ್ಲ.