ಕಾರ್ಡಿನ್ಯಾಗ ಹಾಡೈತಿ, ಹಾಡಿದವರ ಹೆಸರಿಲ್ಲ

ಸಿಂಧನೂರಿನಿಂದ ಲಿಂಗಸುಗೂರಿಗೆ ಹೊರಟ ಬಸ್ಸಿನಲ್ಲಿ ಕಿಟಕಿ ಬದಿಯ ಸೀಟು ಸಿಕ್ಕಿ, ಕಿಸೆಯಲ್ಲಿರುವ ಪುಟ್ಟ ಎಂಪಿ3 ಪ್ಲೇಯರಿಗೆ ಹೊಸ ಮೆಮೊರಿ ಕಾರ್ಡು ಬಿದ್ದಿದ್ದರೆ ಹಾಡಿನ ಹುಚ್ಚಿನವರಿಗೆ ಮತ್ತೇನೂ ಬೇಡ. ಎಡಬಲಕ್ಕೆ ಭತ್ತದ ಗದ್ದೆ, ಕಿವಿಯಲ್ಲಿ ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ವಚನ. ಆ ದನಿಯನ್ನು ಗುರುತಿಸಲು ರಾಯಚೂರು ಜಿಲ್ಲೆಯವರಿಗೆ ಪರದೆ ನೋಡಬೇಕಾಗಿಲ್ಲ. ಆದರೂ ಕಣ್ಣು ಪರದೆಯ ಮೇಲೆ ಹೋಗಿಯೇ ಹೋಗುತ್ತದೆ. ಅಲ್ಲಿ ಹಾಡಿದವರ ಜಾಗದಲ್ಲಿ ಕಾರ್ಡಿಗೆ ಹಾಡು ತುಂಬಿಸಿಕೊಟ್ಟ ಮೊಬೈಲ್ ಅಂಗಡಿಯ ಹೆಸರು, ಆಲ್ಬಮ್ಮಿನ ಜಾಗದಲ್ಲಿ ಅಂಗಡಿಯವನ ಫೋನ್ ನಂಬರು. ಹಾಡಿನ ರುಚಿ ಅರ್ಧ ಅಲ್ಲೇ ಇಳಿದುಹೋಗುತ್ತದೆ.

ಫೋನಿನಲ್ಲೇ ಎಲ್ಲ ಸಿಗುವಾಗ ಈ ಕಾಲದಲ್ಲಿ ಬೇರೆ ಪ್ಲೇಯರ್ ಯಾಕೆ ಎಂದು ಕೇಳುವವರು ಬಹಳ. ಕೇಳಲಿ. ಪ್ಲೇಯರಿಗೆ ಯಾರೂ ಕರೆ ಮಾಡುವುದಿಲ್ಲ. ವಚನದ ನಡುವೆ ಸಾಲ ಬೇಕೇ ಎಂದು ಯಾವ ಬ್ಯಾಂಕೂ ವಿಚಾರಿಸುವುದಿಲ್ಲ. ಹೊಲದ ಬದುವಿನಲ್ಲಿ, ಮಸ್ಕಿಯ ಗುಡ್ಡದ ಮರೆಯಲ್ಲಿ ಸಿಗ್ನಲ್ಲು ಹೋದರೂ ಹಾಡು ನಿಲ್ಲುವುದಿಲ್ಲ. ಗುಂಡಿ ಇರುವ ಪ್ಲೇಯರ್ ಆದರೆ ಕಿಸೆಯೊಳಗೆ ಕೈಯಿಟ್ಟೇ ಹಾಡು ಬದಲಿಸಬಹುದು. ಅಗ್ಗದ ಸ್ಪೀಕರ್ ಡಬ್ಬಿಗಳಿಗಂತೂ ಇನ್ನೊಂದು ಅನುಕೂಲ: ಅವುಗಳಲ್ಲಿ ಅನೇಕಕ್ಕೆ ಹಳೆಯ ನೋಕಿಯಾ ಫೋನಿನ ಬಿಎಲ್-5ಸಿ ಬ್ಯಾಟರಿಯೇ ಸಾಕು. ಆ ಫೋನು ಮೂಲೆಗೆ ಬಿದ್ದು ಎಷ್ಟೋ ಕಾಲವಾಯಿತು, ಅದರ ಬ್ಯಾಟರಿ ಮಾತ್ರ ಇವತ್ತಿಗೂ ಸಂತೆಯಲ್ಲಿ ಸಿಗುತ್ತದೆ.

1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿ ತಂದ ಎಂಪಿಮ್ಯಾನ್ ಪ್ಲೇಯರಿನಲ್ಲಿ ಇದ್ದದ್ದು 32 ಎಂಬಿ ಜಾಗ. ಎಂಟು ಹಾಡು ಹಿಡಿದರೆ ಅದೇ ಹೆಚ್ಚು. 2001ರ ಅಕ್ಟೋಬರಿನಲ್ಲಿ ಬಂದ ಐಪಾಡ್ ಸಾವಿರ ಹಾಡಿನ ಮಾತಾಡಿ ಜಗತ್ತನ್ನೇ ಬೆರಗುಗೊಳಿಸಿತು. 2022ರ ಮೇ ತಿಂಗಳಲ್ಲಿ ಆಪಲ್ ಅದಕ್ಕೆ ಮಂಗಳ ಹಾಡಿತು. ಈಗ ಉಗುರಿನಗಲದ 16 ಜಿಬಿ ಕಾರ್ಡಿನಲ್ಲಿ, 128 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್) ಲೆಕ್ಕಕ್ಕೆ, ನಾಲ್ಕು ನಿಮಿಷದ ನಾಲ್ಕು ಸಾವಿರ ಹಾಡು ಕೂರುತ್ತವೆ. ಸಿಂಧನೂರಿನಂಥ ಊರಲ್ಲಿ ಈ ಜಾಗಕ್ಕೆ ಬೆಲೆ ಇದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹಿಡಿದು ಬಂದ ತೆಲುಗರ ಕ್ಯಾಂಪುಗಳು, ಪೂರ್ವ ಪಾಕಿಸ್ತಾನದಿಂದ ನಿರಾಶ್ರಿತರಾಗಿ ಬಂದ ಬಂಗಾಳಿಗಳ ಆರ್.ಎಚ್. ಕ್ಯಾಂಪುಗಳು, ಸುತ್ತಲಿನ ಕನ್ನಡದ ಹಳ್ಳಿಗಳು. ಇವರೆಲ್ಲರ ಹಾಡಿಗೂ ಒಂದೇ ಕಾರ್ಡಿನಲ್ಲಿ ಬೇರೆ ಬೇರೆ ಫೋಲ್ಡರ್ ಮಾಡಿ ಜಾಗ ಕೊಡಬಹುದು.

ಆದರೆ ತುಂಬಿಸುವುದು ಸುಲಭ, ಸಾಲಾಗಿ ಕೂರಿಸುವುದೇ ವಿದ್ಯೆ. ಹೆಚ್ಚಿನವರು ಎಡವುವುದು ಇಲ್ಲಿ.

ಸಿಂಧನೂರು ತಾಲ್ಲೂಕಿನ ಸಿದ್ಧಪರ್ವತದ ಅಂಬಾಮಠದ ನಂಟಿರುವ ಚಿದಾನಂದಾವಧೂತರ ಶ್ರೀದೇವಿ ಪುರಾಣವನ್ನು ತೆಗೆದುಕೊಳ್ಳಿ. ಹದಿನೆಂಟು ಅಧ್ಯಾಯ. ನವರಾತ್ರಿಯಲ್ಲಿ ಉತ್ತರ ಕರ್ನಾಟಕದ ಊರೂರಲ್ಲಿ ಓದಿಸುತ್ತಾರೆ. ಅದರ ಧ್ವನಿಮುದ್ರಿಕೆಯನ್ನು ಯಾರೋ ಪುಣ್ಯಾತ್ಮರು 1, 2, 3 ಎಂದು ಹೆಸರಿಟ್ಟು ಕಾರ್ಡಿಗೆ ಹಾಕಿರುತ್ತಾರೆ. ಹೆಸರನ್ನು ಅಕ್ಷರದ ಲೆಕ್ಕದಲ್ಲಿ ನೋಡುವ ಪ್ಲೇಯರಿಗೆ 1 ಆದ ಮೇಲೆ ಬರುವುದು 10, ಆಮೇಲೆ 11, 12. ಎರಡನೆಯ ಅಧ್ಯಾಯದ ಸರದಿ ಬರುವುದು ಹದಿನೆಂಟು ಮುಗಿದ ನಂತರ. ಅಂದರೆ ಮಂಗಳವಾದ ಮೇಲೆ ಸತ್ತ ರಕ್ಕಸರೆಲ್ಲ ಮೈ ಕೊಡವಿಕೊಂಡು ಮತ್ತೆ ಯುದ್ಧಕ್ಕೆ ನಿಲ್ಲುತ್ತಾರೆ. ಮದ್ದು ಸುಲಭ: 01, 02 ಎಂದು ಎರಡಂಕಿಯಲ್ಲಿ ಬರೆಯಬೇಕು. ನೂರಕ್ಕೂ ಮಿಕ್ಕಿದ ಹಾಡಾದರೆ 001.

ಇಷ್ಟಕ್ಕೇ ಮುಗಿಯಿತು ಎಂದುಕೊಂಡವರು ಅಗ್ಗದ ಡಬ್ಬಿಯ ಸ್ವಭಾವ ಅರಿಯದವರು. ಅಂಥ ಎಷ್ಟೋ ಪ್ಲೇಯರುಗಳು ಹೆಸರನ್ನು ಓದುವುದೇ ಇಲ್ಲ. ಕಾರ್ಡಿನ ಪಟ್ಟಿಯಲ್ಲಿ ಯಾವ ಫೈಲು ಮೊದಲು ಕೂತಿದೆಯೋ ಅದೇ ಮೊದಲು. ನಡುವಿನದೊಂದು ಹಾಡು ಅಳಿಸಿ ಹೊಸತನ್ನು ಹಾಕಿದರೆ, ಹೊಸತು ಹೋಗಿ ಆ ಖಾಲಿ ಜಾಗದಲ್ಲೇ ಕೂರಬಹುದು. ಭಜನೆಯ ನಡುವೆ ಟ್ರ್ಯಾಕ್ಟರ್ ಡಿಜೆ ಹಾಡು ನುಗ್ಗುವುದು ಹೀಗೆ. ಆದ್ದರಿಂದ ಬಲ್ಲವರು ಕಾರ್ಡನ್ನು ಪೂರ್ತಿ ಖಾಲಿ ಮಾಡಿ ಫಾರ್ಮ್ಯಾಟ್ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಹಾಡುಗಳನ್ನು ಹೆಸರಿನ ಸಾಲಿಗೆ ತಂದು, ಎಲ್ಲವನ್ನೂ ಆಯ್ದು, ಎಳೆಯುವಾಗ ಮೊದಲನೆಯದನ್ನೇ ಹಿಡಿದು ಎಳೆಯುತ್ತಾರೆ. ನಡುವಿನದನ್ನು ಹಿಡಿದರೆ ನಕಲು ಅಲ್ಲಿಂದಲೇ ಶುರುವಾಗುತ್ತದೆ. ಇಷ್ಟು ಸಣ್ಣ ವಿಷಯಕ್ಕೆ ಇಷ್ಟು ಮಾತೇ ಎನ್ನುವವರು ಶ್ರೀದೇವಿ ಪುರಾಣವನ್ನು ಒಮ್ಮೆ ಹಿಂದುಮುಂದಾಗಿ ಕೇಳಿ ನೋಡಲಿ.

ಇನ್ನು ಕೆಬಿಪಿಎಸ್ ಪಂಡಿತರು. 320ಕ್ಕಿಂತ ಕಡಿಮೆಯದು ಹಾಡೇ ಅಲ್ಲ ಎಂಬ ಜನ. ಸಿ.ಡಿ.ಯಲ್ಲಿ ಸೆಕೆಂಡಿಗೆ 1,411 ಕಿಲೋಬಿಟ್ ಇರುವುದನ್ನು ಎಂಪಿ3 ಹಿಂಡಿ ಇಳಿಸುತ್ತದೆ. ಹಿಂಡುವಾಗ ಹೋದದ್ದು ಹೋಯಿತು. ಒಳ್ಳೆಯ ಮೂಲದಿಂದ ಮಾಡಿದ 320ಕ್ಕೆ ಯಾರ ತಕರಾರೂ ಇಲ್ಲ. ಆದರೆ ಎಲ್ಲೋ ಸಿಕ್ಕ 64ರ ಫೈಲನ್ನು 320ಕ್ಕೆ ಏರಿಸಿ 'ಎಚ್‌ಡಿ ಸಾಂಗ್ಸ್' ಎಂದು ತುಂಬಿಸಿಕೊಡುವುದು ನೀರುಮಜ್ಜಿಗೆಯನ್ನು ದೊಡ್ಡ ಕೊಡಕ್ಕೆ ಸುರಿದಂತೆ: ಕೊಡ ದೊಡ್ಡದಾಯಿತು, ಮಜ್ಜಿಗೆ ಗಟ್ಟಿಯಾಗಲಿಲ್ಲ. ಕಾರ್ಡಿನ ಜಾಗ ಮಾತ್ರ ಐದು ಪಟ್ಟು ತಿಂದಿತು. ಅದನ್ನು ಹತ್ತಿ ತುಂಬಿದ ಬೊಲೆರೊ ಗಾಡಿಯ ಸ್ಪೀಕರಿನಲ್ಲಿ ಹಾಕಿ "ಕ್ಲಾರಿಟಿ ನೋಡ್ರಿ" ಎನ್ನುವವರ ಜೊತೆ ವಾದ ಹೂಡಿ ಪ್ರಯೋಜನವಿಲ್ಲ.

ಅದನ್ನೂ ಸಹಿಸಬಹುದು. ಸಹಿಸಲಾಗದ್ದು ಹೆಸರಿನ ಕಳವು.

ಪ್ರತಿ ಎಂಪಿ3 ಫೈಲಿನೊಳಗೆ ಹಾಡಿನ ಹೆಸರು, ಹಾಡಿದವರು, ಆಲ್ಬಮ್ಮು, ವರ್ಷ ಬರೆದಿಡಲು ಜಾಗ ಇದೆ. 1996ರಲ್ಲಿ ಹುಟ್ಟಿದ ಈ ಐಡಿ3 ಚೀಟಿ ಮೊದಲಿಗೆ ಬರೀ 128 ಬೈಟು. ಹಾಡಿದವರಿಗೆ ಮೂವತ್ತೇ ಅಕ್ಷರ. 1998ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಆ ಇಕ್ಕಟ್ಟೂ ಹೋಯಿತು, ಚಿತ್ರಕ್ಕೂ ಜಾಗವಾಯಿತು. ಆ ಜಾಗದಲ್ಲಿ ಬಂದು ಕೂತವರು ಯಾರು? ಹಾಡು ಕದ್ದು ಹಂಚಿದ ವೆಬ್‌ಸೈಟು. ಅದನ್ನು ಇಳಿಸಿಕೊಂಡ ಅಂಗಡಿ. ಗಾಯಕರ ಜಾಗದಲ್ಲಿ ಒಬ್ಬನ ಜಾಹೀರಾತು, ಚಿತ್ರದ ಜಾಗದಲ್ಲಿ ಇನ್ನೊಬ್ಬನ ಮುಖ. ಕೇಳಿದರೆ ಬರುವ ಉತ್ತರ ಒಂದೇ: "ಹೆಸ್ರು ತಗೊಂಡು ಏನ್ ಮಾಡ್ತೀರಿ ಅಣ್ಣಾ, ಹಾಡು ಬರ್ತೈತಿಲ್ಲ!" ರಾಯಚೂರಿನ ರಂಗಮಂದಿರಕ್ಕೆ ಸಿದ್ಧರಾಮ ಜಂಬಲದಿನ್ನಿಯವರ ಹೆಸರಿಟ್ಟಿದ್ದಾರೆ. ಅದೇ ಜಿಲ್ಲೆಯ ಕಾರ್ಡಿನಲ್ಲಿ ಅವರು 'ಅನ್‌ನೋನ್ ಆರ್ಟಿಸ್ಟ್'. ಹಾಡಿಗೆ ದುಡ್ಡು ಕೊಡಲಿಲ್ಲ, 1957ರ ಕೃತಿಸ್ವಾಮ್ಯ ಕಾಯ್ದೆಯನ್ನು ಲೆಕ್ಕಕ್ಕಿಡಲಿಲ್ಲ, ಹೋಗಲಿ. ಹೆಸರನ್ನು ಹಾಗೇ ಉಳಿಸಲು ಏನು ಖರ್ಚಿತ್ತು?

ಈ ಮಾತನ್ನು ಮಸ್ಕಿಯ ದಾರಿಯಲ್ಲಿ ಆಡುವಾಗ ಸಿಟ್ಟು ಇನ್ನಷ್ಟು ಏರುವುದು ಸಹಜ. ಹೆಸರು ಬರೆದಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆ ಊರಿಗಿಂತ ದೊಡ್ಡ ಸಾಕ್ಷಿ ಬೇಕೆ? 1837ರ ಹೊತ್ತಿಗೇ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮೀ ಲಿಪಿ ಓದಿ ಆಗಿತ್ತು. ಆದರೆ ಆಗ ಸಿಕ್ಕಿದ್ದ ಶಾಸನಗಳಲ್ಲಿ ಇದ್ದದ್ದು ದೇವಾನಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ. ಅವನು ಅಶೋಕನೇ ಇರಬೇಕು ಎಂದು ಸಿಂಹಳದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳುತ್ತಿದ್ದರು. 1915ರಲ್ಲಿ ಚಿನ್ನ ಹುಡುಕಿಕೊಂಡು ಬಂದಿದ್ದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡಿತು. ಅದರಲ್ಲಿ ದೇವಾನಂಪ್ರಿಯನ ಜೊತೆಗೇ ಅಶೋಕ ಎಂಬ ಹೆಸರೂ ಇತ್ತು. ಮುಂದೆ ಮಧ್ಯಪ್ರದೇಶದ ಗುಜರ್ರಾದಲ್ಲೂ, ಸಿಂಧನೂರಿನಿಂದ ಇದಕ್ಕೆ ಎದುರು ದಿಕ್ಕಿನ ರಸ್ತೆ ಹಿಡಿದು ಹೋದರೆ ಸಿಗುವ ಸಿರುಗುಪ್ಪ ಸೀಮೆಯ ನಿಟ್ಟೂರಿನಲ್ಲೂ ಆ ಹೆಸರು ಸಿಕ್ಕಿತು. ಆದರೆ ಮೊದಲು ಹೇಳಿದ್ದು ಮಸ್ಕಿ. ಬಂಡೆ ಕೊರೆದವನು ಆವತ್ತು "ಹೆಸ್ರು ಯಾಕ ಬೇಕ್ರಿ" ಅಂದಿದ್ದರೆ ಆ ಖಾತ್ರಿಗೆ ಇನ್ನೆಷ್ಟು ಕಾಲ ಕಾಯಬೇಕಿತ್ತೋ.

ಪ್ಲೇಯರಿನ ಬೇರೆ ದೋಷಗಳನ್ನೂ ಮುಚ್ಚಿಡಬೇಕಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆಗೆ ಲಿಥಿಯಂ ಬ್ಯಾಟರಿ ಬಾಳುವುದು ಕಷ್ಟ. ಗಾಡಿಯ ಡ್ಯಾಶ್‌ಬೋರ್ಡಿನ ಮೇಲೆ ಬಿಟ್ಟರೆ ಹೊಟ್ಟೆ ಉಬ್ಬಿಸಿಕೊಂಡು ಕೂರುತ್ತದೆ. ಕಾರ್ಡು ಕೆಟ್ಟರೆ ನಾಲ್ಕು ಸಾವಿರ ಹಾಡು ಒಂದೇ ಏಟಿಗೆ ಹೋದವು. ಇನ್ನೊಂದು ನಕಲು ಇಡದವರಿಗೆ ಉಳಿಯುವುದು ಡಬ್ಬಿ ಮಾತ್ರ. ಎಲ್ಲಕ್ಕಿಂತ ಮೊದಲು ಕಿವಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆ ಕೇಳಬಹುದು, 90 ಆದರೆ ನಾಲ್ಕೇ ಗಂಟೆ. ಬಸ್ಸಿನ ಎಂಜಿನ್ ಸದ್ದನ್ನು ಮೀರಿಸಲು ದನಿ ಏರಿಸುವವರು ವಾರದ ಪಾಲನ್ನು ಎರಡು ಮೂರು ದಿನದಲ್ಲೇ ತಿಂದು ಮುಗಿಸುತ್ತಾರೆ. ಹಾಗೆಂದು ಇಯರ್‌ಫೋನ್ ಕಿತ್ತು ಸ್ಪೀಕರ್ ಹಾಕುವುದು ಬೇಡ. ಬಸ್ಸಿನಲ್ಲಿ ಪಕ್ಕದವರಿಗೂ ಕಿವಿಗಳಿವೆ.

2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಇಂಟರ್ನೆಟ್ಟು ಅಗ್ಗವಾದ ಮೇಲೆ ಕಾರ್ಡು ತುಂಬಿಸುವ ಅಂಗಡಿಗಳ ವ್ಯಾಪಾರ ಇಳಿಯಿತು. ಆ್ಯಪಿನಲ್ಲಿ ಹಾಡಿದವರ ಹೆಸರು ನೆಟ್ಟಗೆ ಕಾಣುತ್ತದೆ, ಒಪ್ಪಬೇಕಾದ ಮಾತೇ. ಆದರೆ ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನ ಮೊಹರಂನಲ್ಲಿ ಹಳ್ಳಿಯ ಮೇಳ ರಾತ್ರಿಯಿಡೀ ಹಾಡಿದ ರಿವಾಯತ್ ಪದ, ಶ್ರಾವಣದ ಭಜನೆಯಲ್ಲಿ ಮುದುಕರೊಬ್ಬರು ಏಕತಾರಿ ಹಿಡಿದು ಹೇಳಿದ ತತ್ವಪದ ಇವೆಲ್ಲ ಯಾವ ಕಂಪನಿಯ ಪಟ್ಟಿಗೂ ಸುಲಭಕ್ಕೆ ಸೇರುವಂಥವಲ್ಲ. ಅವು ಇರುವುದು ಯಾರದೋ ಕಿಸೆಯ ಕಾರ್ಡಿನಲ್ಲಿ, 'ಆಡಿಯೋ 0047' ಎಂಬ ಹೆಸರಿನಲ್ಲಿ. ಪ್ಲೇಯರ್ ಇಟ್ಟುಕೊಳ್ಳಲು ಇದೊಂದೇ ಕಾರಣ ಸಾಕು.

ಅಂಥ ಕಾರ್ಡು ನಿಮ್ಮ ಹತ್ತಿರ ಇದ್ದರೆ ಇವತ್ತೇ ಕಂಪ್ಯೂಟರಿಗೆ ಹಾಕಿ. ಎಂಪಿ3ಟ್ಯಾಗ್‌ನಂಥ ತಂತ್ರಾಂಶ ವಿಂಡೋಸ್‌ಗೆ ಪುಕ್ಕಟೆ ಸಿಗುತ್ತದೆ. ಹಾಡಿದವರ ಹೆಸರು, ಮೇಳ, ಊರು, ವರ್ಷ ಬರೆಯಿರಿ. ಅಗ್ಗದ ಪ್ಲೇಯರಿನಲ್ಲಿ ಕನ್ನಡ ಅಕ್ಷರ ಚೌಕ ಚೌಕವಾಗಿ ಕಂಡರೆ ಇಂಗ್ಲಿಷ್ ಅಕ್ಷರದಲ್ಲಾದರೂ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಆ ಊರಿನ ಹಿರಿಯರನ್ನು ಕೇಳಿ, ಹೇಳುವವರು ಇರುವಾಗಲೇ.