ಚಿಕ್ಕ ಕೀಬೋರ್ಡೂ ನನ್ನ ಕಿರುಬೆರಳೂ

ಕೈನೋವಿಗೆ ಕೀಬೋರ್ಡ್ ಬದಲಿಸಬೇಕು ಅನ್ನಿಸಿದಾಗ ನಾನು ವಿಚಾರಿಸಿದ್ದು ಎರಡೇ: ಎಷ್ಟು ಚಿಕ್ಕದು, ಎಷ್ಟು ಬೆಲೆ. ನೋವು ಎಲ್ಲಿಂದ ಹೊರಡುತ್ತಿದೆ ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಅನುವಾದ ನನ್ನ ಹೊಟ್ಟೆಪಾಡು. ದಿನವಿಡೀ ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡುವ ಕೆಲಸ. ಎಡಗೈಯ ಕಿರುಬೆರಳಿನಿಂದ ಮೊಣಕೈವರೆಗೆ ಎಳೆತ, ರಾತ್ರಿಯಾದರೆ ಜೋಮು. ಇಷ್ಟಿದ್ದೂ, ಪೆಟ್ಟಿಗೆಯ ಮೇಲೆ ‘ಎರ್ಗಾನಾಮಿಕ್’ ಎಂದು ಅಚ್ಚಾಗಿದ್ದನ್ನು ನಂಬಿ ದುಡ್ಡು ಕೊಟ್ಟೆ.

ಚಿಕ್ಕ ಕೀಬೋರ್ಡಿನಿಂದ ಪ್ರಯೋಜನವೇ ಇಲ್ಲ ಎನ್ನಲಾರೆ. ಮಾಮೂಲಿ 104 ಕೀಗಳ ಬೋರ್ಡು ಸುಮಾರು 45 ಸೆಂ.ಮೀ. ಅಗಲ. ಬಲತುದಿಯಲ್ಲಿ ಅಂಕಿಗಳ ಕೀಗಳು ಕೂತಿರುವುದರಿಂದ ಮೌಸು ಅದರಾಚೆಗೆ ಹೋಗುತ್ತದೆ. ಮೌಸಿನ ಹಿಂದೆ ಕೈ, ಕೈಯ ಹಿಂದೆ ಭುಜ. ಆ ಭಾಗ ತೆಗೆದುಬಿಟ್ಟರೆ ಮೌಸು ಹತ್ತಿರ ಬರುತ್ತದೆ. ಬಲಭುಜ ನೋಯುವವರಿಗೆ ದೊಡ್ಡ ಉಪಕಾರವೇ. ನನಗೆ ನೋಯುತ್ತಿದ್ದದ್ದು ಎಡಗೈ.

ನಾನು ಕೊಂಡದ್ದು ‘65 ಪರ್ಸೆಂಟ್’ ಎಂದು ಕರೆಯುವ ಜಾತಿ, ಅಗಲ 32 ಸೆಂ.ಮೀ. ಆಸುಪಾಸು. ಅಷ್ಟರಲ್ಲೇ ಬಾಣದ ಕೀಗಳನ್ನೂ ತುರುಕಬೇಕಲ್ಲ, ಅದಕ್ಕೆ ಬಲಗಡೆಯ ಶಿಫ್ಟನ್ನು ಮೊಟಕು ಮಾಡಿರುತ್ತಾರೆ. ಇಂಗ್ಲಿಷ್ ಬರೆಯುವವರಿಗೆ ಇದು ಅಷ್ಟಾಗಿ ಕಾಡದು. ನಮ್ಮ ಕಥೆ ಬೇರೆ. ಕೆ.ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸವನ್ನು ಆಧರಿಸಿದ ‘ನುಡಿ’ಯಲ್ಲಿ ದೀರ್ಘಸ್ವರಕ್ಕೆ ಶಿಫ್ಟ್, ಮಹಾಪ್ರಾಣಕ್ಕೆ ಶಿಫ್ಟ್, ಣಕಾರ ಳಕಾರಗಳಿಗೂ ಶಿಫ್ಟ್. ‘ಧಾರಾಳವಾಗಿ’ ಎಂದು ಬರೆಯಲು ಒಂಬತ್ತು ಅಕ್ಷರದ ಕೀ ಒತ್ತಿದರೆ ಅದರಲ್ಲಿ ಐದಕ್ಕೆ ಶಿಫ್ಟ್ ಬೇಕು. ವಿನ್ಯಾಸವನ್ನು ದೂರುತ್ತಿಲ್ಲ, ಕಲಿಯಲು ಇಷ್ಟು ಸುಲಭದ್ದು ನಾನು ಬೇರೆ ಕಂಡಿಲ್ಲ. ಆದರೆ ಪದಪದಕ್ಕೂ ಬರುವ ‘ಆ’ ದೀರ್ಘದ ಕೀ ಇರುವುದು ಎಡ ಕಿರುಬೆರಳಿನ ಕೆಳಗೆ. ಆ ಬೆರಳು ಅಲ್ಲಿ ದುಡಿಯುವಾಗ ಶಿಫ್ಟನ್ನು ಬಲಗೈ ಹಿಡಿಯಬೇಕು. ಹೊಸ ಬೋರ್ಡಿನಲ್ಲಿ ಬಲಗೈ ಶಿಫ್ಟಿಗೆ ಹೋದರೆ ಪಕ್ಕದ ಮೇಲ್ಬಾಣ ಒತ್ತಿಹೋಗಿ, ಬರೆಯುತ್ತಿದ್ದದ್ದು ಮೇಲಿನ ಸಾಲಿಗೆ ನುಗ್ಗುತ್ತಿತ್ತು. ಬೇಸತ್ತು ಬಲಗಡೆಯ ಶಿಫ್ಟನ್ನೇ ಬಿಟ್ಟೆ. ಎಡ ಕಿರುಬೆರಳಿನಿಂದ ಶಿಫ್ಟ್ ಅದುಮಿಕೊಂಡು, ಉಂಗುರ ಬೆರಳನ್ನು ಎಳೆದು ದೀರ್ಘ ಕೊಡತೊಡಗಿದೆ. ಮಣಿಕಟ್ಟು ಹೊರಗೆ ತಿರುಚಿಕೊಂಡೇ ಇರುತ್ತಿತ್ತು.

ಇನ್ನೊಂದು ಎಡವಟ್ಟು: ‘ನುಡಿ’ಯಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಬರಲು ನಾನು ಒತ್ತುತ್ತಿದ್ದದ್ದು ಸ್ಕ್ರಾಲ್ ಲಾಕ್. ಆ ಕೀ ಈ ಬೋರ್ಡಿನಲ್ಲಿ ಇರಲೇ ಇಲ್ಲ! ನನ್ನ ಬುದ್ಧಿಗೆ ಏನು ಹೇಳಬೇಕೋ.

ಅಷ್ಟಕ್ಕೇ ಬಿಡಬಹುದಿತ್ತು. ದುಡ್ಡು ಸುರಿದಿದ್ದೇನಲ್ಲ ಎಂಬ ಹಟ ಬಿಡಲಿಲ್ಲ. ಮಣಿಕಟ್ಟಿಗೆ ಮೆತ್ತೆ ತಂದೆ, ಕೀಬೋರ್ಡಿನ ಹಿಂದಿನ ಕಾಲು ಎತ್ತಿದೆ. ಕಾಲು ಎತ್ತಿದರೆ ಮಣಿಕಟ್ಟು ಇನ್ನಷ್ಟು ಮೇಲಕ್ಕೆ ಬಾಗುತ್ತದೆ ಎಂಬುದೂ ಆಗ ಹೊಳೆಯಲಿಲ್ಲ. ಕೊನೆಗೆ ಲೋಟ ಎತ್ತಿದರೂ ಕೈ ನಡುಗುವ ಹೊತ್ತಿಗೆ ವೈದ್ಯರ ಹತ್ತಿರ ಹೋದೆ. ಅವರು ಫಿಸಿಯೋಥೆರಪಿಗೆ ಕಳಿಸಿದರು.

ಅಲ್ಲಿದ್ದ ಫಿಸಿಯೋಥೆರಪಿಸ್ಟ್ ಹುಡುಗಿ ಜಾಣೆ. “ನಾಳೆ ಕೀಬೋರ್ಡ್ ತನ್ನಿ ಸರ್, ಇಲ್ಲೇ ಟೈಪ್ ಮಾಡಿ” ಎಂದಳು. ಮರುದಿನ ಪರದೆಯತ್ತ ತಿರುಗಿಯೂ ನೋಡಲಿಲ್ಲ, ನನ್ನ ಕೈಯನ್ನೇ ನೋಡುತ್ತ ನಿಂತಳು.

“ಬಲಗಡೆ ಶಿಫ್ಟ್ ಕೆಟ್ಟಿದೆಯಾ ಸರ್?”

“ಇಲ್ಲಮ್ಮ.”

“ಮತ್ತೆ ಅದನ್ನ ಮುಟ್ಟೋದೇ ಇಲ್ವಲ್ಲ! ಈ ಮೊಣಕೈ ಯಾಕೆ ಮೇಜಿನ ಅಂಚಿಗೆ ಊರಿದೀರಿ?”

ಮೊಣಕೈಗೆ ಏನಾದರೂ ತಗುಲಿದಾಗ ಜುಮ್ಮೆನ್ನುತ್ತದಲ್ಲ, ಅದು ಅಲ್ನರ್ ನರ. ಮೊಣಕೈಯ ಒಳಬದಿಯಲ್ಲಿ ಚರ್ಮಕ್ಕೆ ಅಂಟಿಕೊಂಡಂತೆ ಹಾದು ಕಿರುಬೆರಳಿಗೂ ಉಂಗುರ ಬೆರಳಿನ ಅರ್ಧಕ್ಕೂ ಇಳಿಯುತ್ತದೆ. ಕೈ ಮಡಚಿ ಮೊಣಕೈ ಊರಿ ಗಂಟೆಗಟ್ಟಲೆ ಕೂತರೆ ಅದು ಅದುಮಿಕೊಳ್ಳುತ್ತದೆ. ಹೆಬ್ಬೆರಳು, ತೋರುಬೆರಳು ಜೋಮು ಹಿಡಿದರೆ ಸಾಮಾನ್ಯವಾಗಿ ಅನುಮಾನಿಸುವುದು ಮಣಿಕಟ್ಟಿನಲ್ಲಿ ಹಾಯುವ ಮೀಡಿಯನ್ ನರವನ್ನು. ಯಾವ ಬೆರಳು ಎಂಬುದರ ಮೇಲೆ ಕಾಯಿಲೆಯೂ ಬೇರೆ, ಬೇಕಾದ ಕೀಬೋರ್ಡೂ ಬೇರೆ.

ಚಿಕ್ಕದಾಗಿರುವುದೂ ಕೈಗೆ ಹಿತವಾಗಿರುವುದೂ ಒಂದೇ ಎಂದುಕೊಂಡಿದ್ದೆ. 1994ರಲ್ಲಿ ಬಂದ ಮೈಕ್ರೋಸಾಫ್ಟ್ ನ್ಯಾಚುರಲ್ ಕೀಬೋರ್ಡ್ ಮಣಿಕಟ್ಟು ನೆಟ್ಟಗಿರಲೆಂದು ಕೀಗಳನ್ನು ಎರಡು ಪಾಲು ಮಾಡಿತು, ಆದರೆ ಅಂಕಿಗಳ ಭಾಗ ಉಳಿಸಿಕೊಂಡಿತು. ಮೌಸು ದೂರವೇ ಉಳಿಯಿತು. ನನ್ನ ಪುಟ್ಟ ಬೋರ್ಡಿನದು ಇದರ ತಿರುಗುಮುರುಗು. ಎರಡು ಪ್ರತ್ಯೇಕ ತುಂಡುಗಳಾಗಿ ಬರುವ, ಹೆಬ್ಬೆರಳಿಗೂ ಕೀಗಳಿರುವ ಬೋರ್ಡುಗಳಲ್ಲಿ ನೆಟ್ಟಗಿನ ಮಣಿಕಟ್ಟು, ಹತ್ತಿರದ ಮೌಸು ಎರಡೂ ಸಿಗುತ್ತವೆ. ಈಗ ನನ್ನ ಮೇಜಿನ ಮೇಲಿರುವುದು ಅಂಥದ್ದು. ಶಿಫ್ಟನ್ನು ಹೆಬ್ಬೆರಳಿಗೆ ವಹಿಸಿದ್ದೇನೆ. ಸ್ಪೇಸ್ ಒತ್ತುವುದು ಬಿಟ್ಟರೆ ಅದಕ್ಕೆ ಬೇರೆ ಕೆಲಸವೇ ಇರಲಿಲ್ಲ. ಅಗ್ಗದ ವಸ್ತುವಲ್ಲ. ಕೈ ಹೊಂದಿಕೊಳ್ಳುವವರೆಗೆ ಟೈಪಿಂಗ್ ಎಷ್ಟು ನಿಧಾನವಾಯಿತೆಂದರೆ ಒಂದು ಅನುವಾದವನ್ನೇ ವಾಪಸ್ ಮಾಡಬೇಕಾಯಿತು. ಮೊಣಕೈ ಊರುವ ಚಟವನ್ನು ಮಾತ್ರ ಯಾವ ಬೋರ್ಡೂ ಬಿಡಿಸಲಿಲ್ಲ, ನಾನೇ ಬಿಡಬೇಕಾಯಿತು.

ಕನ್ನಡ ಟೈಪ್ ಮಾಡುವವರು ಚಿಕ್ಕ ಬೋರ್ಡು ಕೊಳ್ಳುವುದಾದರೆ ಮೊದಲು ಬಲಗಡೆಯ ಶಿಫ್ಟಿನ ಅಗಲ ನೋಡಿ. ಅದಕ್ಕೂ ಮುಂಚೆ ಇರುವ ಬೋರ್ಡಿನಲ್ಲೇ ಎರಡೂ ಶಿಫ್ಟ್ ಬಳಸಿ ಕೆಲವು ದಿನ ಟೈಪ್ ಮಾಡಿ, ಅದಕ್ಕೇನೂ ಖರ್ಚಿಲ್ಲ. ಬೆರಳಿನ ಜೋಮು ಬಿಡದಿದ್ದರೆ ಖರೀದಿಯ ಮಾತು ಪಕ್ಕಕ್ಕಿಟ್ಟು ವೈದ್ಯರಿಗೆ ತೋರಿಸಿ.